ಗಂಗಾವತಿಯ ಬೋರ್ಡ್ ಇಲ್ಲದ ಲೇತ್ ಅಂಗಡಿ: ಬೈಕ್ ಎಂಜಿನ್ ಕಾರಿಗೆ ಗೇರ್ ಲಿಂಕೇಜ್ ಮಾಡಿಸಿದ್ದು

ಗಂಗಾವತಿಯಲ್ಲಿ ಲೇತ್ ಅಂಗಡಿಗಳಿಗೆ ಬರವಿಲ್ಲ. ಇಷ್ಟೊಂದು ಅಕ್ಕಿ ಗಿರಣಿ ಇರುವ ಊರಲ್ಲಿ ಶಾಫ್ಟ್, ಪುಲ್ಲಿ, ಬುಷ್ ಕೆಲಸ ದಿನಾ ಇದ್ದೇ ಇರುತ್ತದೆ. ಆದರೆ ಡ್ರಾಯಿಂಗೂ ಇಲ್ಲದ, ಹಳೆಯ ಮಾದರಿಯೂ ಇಲ್ಲದ ಕೆಲಸ ತಗೊಂಡು ಹೋಗಿ ನೋಡಿ. ಹೆಚ್ಚಿನವರು "ಸ್ಯಾಂಪಲ್ ತಗೊಂಡ್ ಬರ್ರಿ" ಅಂತ ವಾಪಸ್ ಕಳಿಸುತ್ತಾರೆ. ಹಾಗೆ ಕಳಿಸದೆ, "ಇದು ಏನ್ ಮಾಡ್ಬೇಕು ಹೇಳ್ರಿ" ಅಂತ ಮೊದಲು ಕೇಳುವ ಒಂದು ಅಂಗಡಿ ಬಗ್ಗೆ ಬರೆಯುತ್ತಿದ್ದೇನೆ. ಒಂದೇ ಒಂದು ಬೇಕಾದ, ಎಲ್ಲೂ ಸಿಗದ ಪಾರ್ಟ್ ಮಾಡಿಸಬೇಕಿದ್ದರೆ ಕೊಪ್ಪಳ ಜಿಲ್ಲೆಯಲ್ಲಿ ನಾನು ಮೊದಲು ಹೇಳುವುದು ಇದೇ ಜಾಗ.

ಅಂಗಡಿಗೆ ಬೋರ್ಡ್ ಇಲ್ಲ. ಊರ ಹೊರಗೆ ಗಿರಣಿಗಳ ಸಾಲಿನಲ್ಲಿ ಒಂದು ತಗಡಿನ ಶೆಡ್, ಬಾಗಿಲಲ್ಲಿ ಬೇವಿನ ಮರ. ಒಳಗೆ ಎರಡು ಲೇತ್, ಒಂದು ಡ್ರಿಲ್ಲಿಂಗ್ ಮಷೀನ್, ಒಂದು ಆರ್ಕ್ ವೆಲ್ಡಿಂಗ್ ಸೆಟ್. ಯಜಮಾನರನ್ನು ಎಲ್ಲರೂ ಉಸ್ತಾದ್ ಅಂತಲೇ ಕರೆಯುತ್ತಾರೆ. ಯಾವುದೇ ಗಿರಣಿಯ ಗೇಟಿನಲ್ಲಿ "ಉಸ್ತಾದ್ ಲೇತ್ ಎಲ್ಲಿ" ಅಂದರೆ ತೋರಿಸುತ್ತಾರೆ. ನಾನು ಗಿರಣಿಯೊಂದರಲ್ಲಿ ಮೆಂಟೆನೆನ್ಸ್ ನೋಡಿಕೊಳ್ಳುವವನು. ಭತ್ತ ಮೇಲೆತ್ತುವ ಎಲಿವೇಟರಿನ ಶಾಫ್ಟ್ ತುಂಡಾದರೆ, ಜರಡಿಯ ಆರ್ಮ್ ಸವೆದರೆ ಅವರ ಹತ್ತಿರ ಓಡುವುದು ನನ್ನ ಕೆಲಸ. ಹಾಗಾಗಿ ಅವರ ಕೈ ನನಗೆ ಗೊತ್ತಿತ್ತು. ಈ ಸಲ ಹೋಗಿದ್ದು ಮಾತ್ರ ಗಿರಣಿ ಕೆಲಸಕ್ಕಲ್ಲ.

ಅಕ್ಕನ ಮಗ ಬಳ್ಳಾರಿಯಲ್ಲಿ ಮೆಕ್ಯಾನಿಕಲ್ ಓದುತ್ತಿದ್ದಾನೆ. ಬೈಕ್ ಎಂಜಿನ್ ಹಾಕಿ ಎರಡು ಸೀಟಿನ ಪುಟ್ಟ ಕಾರು ಕಟ್ಟಬೇಕು ಅನ್ನುವುದು ಅವನ ಹುಚ್ಚು. ಈಗ ಅದು ನನಗೂ ಹತ್ತಿದೆ. ಇಂಗ್ಲೆಂಡಿನಲ್ಲಿ ಇದು ಹಳೆಯ ಹವ್ಯಾಸ. 1957ರಲ್ಲಿ ಬಂದ ಲೋಟಸ್ ಸೆವೆನ್ ಅನ್ನುವ ಹಗುರ ಕಾರನ್ನು ಜನ ಕಿಟ್ ರೂಪದಲ್ಲಿ ತಂದು ಮನೆಯಲ್ಲೇ ಜೋಡಿಸುತ್ತಿದ್ದರು. ಅದೇ ಅಚ್ಚಿನ ಕಾರುಗಳಿಗೆ ಸುಜುಕಿ ಹಯಾಬುಸಾದಂಥ ದೊಡ್ಡ ಬೈಕಿನ ಎಂಜಿನ್ ಕೂರಿಸಿಕೊಂಡವರೂ ಅಲ್ಲಿದ್ದಾರೆ. ನಮ್ಮದು ಅಷ್ಟು ದೊಡ್ಡದಲ್ಲ. ಅಪಘಾತವಾದ ಬೈಕಿನಿಂದ ಬಿಚ್ಚಿದ 200 ಸಿಸಿ ಎಂಜಿನ್, ಆರು ಗೇರ್. ಚೌಕ ಪೈಪಿನ ಚಾಸಿ. ಎಂಜಿನ್ ಸೀಟಿನ ಹಿಂದೆ, ಅಲ್ಲಿಂದ ಚೈನ್ ಹಿಂದಿನ ಆಕ್ಸಲ್‌ಗೆ. ಇದನ್ನು ರಸ್ತೆಗೆ ಇಳಿಸುವ ಹಾಗಿಲ್ಲ, ನೋಂದಣಿ ಇಲ್ಲದ ಗಾಡಿ. ಗಿರಣಿಯ ಹಿಂದೆ ಭತ್ತ ಒಣಗಿಸುವ ಸಿಮೆಂಟ್ ಕಣ ಇದೆಯಲ್ಲ, ಸೀಜನ್ ಇಲ್ಲದಾಗ ಮಾಲೀಕರ ಒಪ್ಪಿಗೆ ತಗೊಂಡು ಅಲ್ಲೇ ಓಡಿಸುತ್ತೇವೆ.

ಈಗ ಗೇರಿನ ವಿಷಯ. ಕಾರಿನ ಗೇರ್ ಲಿವರ್ ನಾವು ಎಲ್ಲಿ ಹಾಕುತ್ತೇವೋ ಅಲ್ಲೇ ನಿಲ್ಲುತ್ತದೆ. ಬೈಕಿನದು ಹಾಗಲ್ಲ. ಒಂದು ಸಲ ಒತ್ತಿದರೆ ಒಂದು ಗೇರ್ ಬದಲಾಗುತ್ತದೆ, ಬಿಟ್ಟ ಕೂಡಲೇ ಲಿವರ್ ನಡುವಿಗೆ ವಾಪಸ್ ಬರುತ್ತದೆ. ಎಂಜಿನ್ ಒಳಗಿನ ಒಂದು ಸ್ಪ್ರಿಂಗ್ ಅದನ್ನು ವಾಪಸ್ ತರುತ್ತದೆ. ಹಾಗೆ ಪೂರ್ತಿ ವಾಪಸ್ ಬಂದರೆ ಮಾತ್ರ ಒಳಗಿನ ಕೊಕ್ಕೆ ಶಿಫ್ಟ್ ಡ್ರಮ್ಮಿನ (ತಿರುಗಿ ಗೇರ್ ಬದಲಿಸುವ ಉರುಳೆಯ) ಮುಂದಿನ ಪಿನ್ ಹಿಡಿಯುತ್ತದೆ. ಅರ್ಧಕ್ಕೆ ನಿಂತರೆ ಮುಂದಿನ ಗೇರ್ ಬೀಳುವುದಿಲ್ಲ. ಬೈಕಿನಲ್ಲಿ ಲಿವರ್ ಎಂಜಿನ್ ಪಕ್ಕದಲ್ಲೇ ಇರುವುದರಿಂದ ಈ ತೊಂದರೆ ಇಲ್ಲ. ನಮ್ಮ ಕಾರಿನಲ್ಲಿ ಸೀಟಿನ ಹಿಂದಿರುವ ಎಂಜಿನ್ನಿಂದ ಎಡಗೈ ಹತ್ತಿರದ ಲಿವರಿನವರೆಗೆ ಸುಮಾರು 900 ಮಿ.ಮೀ. ದೂರ. ಇವೆರಡನ್ನೂ ಸಳಿ, ಕೀಲು ಹಾಕಿ ಜೋಡಿಸುವುದೇ ಗೇರ್ ಲಿಂಕೇಜ್. ಅಷ್ಟುದ್ದ ಸಳಿಯ ತೂಕ, ಕೀಲುಗಳ ಬಿಗಿ, ಕೈ ಲಿವರಿನ ತೂಕ, ಇಷ್ಟನ್ನೂ ಆ ಸಣ್ಣ ಸ್ಪ್ರಿಂಗೇ ನೂಕಿ ನಡುವಿಗೆ ತರಬೇಕು. ಗೇರ್ ಹಾಕುವುದು ಸುಲಭ, ಲಿವರ್ ವಾಪಸ್ ಬರುವುದೇ ಕಷ್ಟ.

ಮೊದಲು ಬೇರೊಂದು ಊರಿನ ಫ್ಯಾಬ್ರಿಕೇಷನ್ ಅಂಗಡಿಯಲ್ಲಿ ಕೇಳಿದ್ದೆವು. ಎಂಜಿನ್ನಿನ ಗೇರ್ ಶಾಫ್ಟಿಗೇ ಒಂದು ಪಟ್ಟಿ ಇಟ್ಟು ವೆಲ್ಡ್ ಹೊಡೆದು ಕೊಡುತ್ತೇವೆ, ಈಗಲೇ ಮುಗಿಯುತ್ತದೆ ಅಂದರು. ಕೇಳಿಯೇ ಎದೆ ಧಸಕ್ ಅಂತು. ಶಾಫ್ಟ್ ಹೊರಗೆ ಬರುವ ಜಾಗದಲ್ಲೇ ರಬ್ಬರ್ ಆಯಿಲ್ ಸೀಲ್ ಇರುತ್ತದೆ. ವೆಲ್ಡಿಂಗ್ ಕಾವಿಗೆ ಅದು ಸುಟ್ಟುಹೋಗುತ್ತದೆ. ಮೇಲಾಗಿ ಕರೆಂಟ್ ಒಳಗಿನ ಬೇರಿಂಗ್ ಮೂಲಕ ಹರಿದರೆ ಅದಕ್ಕೂ ಪೆಟ್ಟು. ನಾಳೆ ಸೀಲ್ ಬದಲಿಸಬೇಕಾದರೆ ಲಿವರ್ ಬಿಚ್ಚುವುದಕ್ಕೂ ಬರುವುದಿಲ್ಲ. ಅಲ್ಲಿಂದ ಸುಮ್ನೆ ಎದ್ದು ಬಂದೆವು.

ಉಸ್ತಾದ್ ಎಂಜಿನ್ನನ್ನೇ ತರಿಸಿಕೊಂಡರು. ಚಾಸಿಯೂ ಬೇಕು ಅಂದರು. ಟಾಟಾ ಏಸ್‌ನಲ್ಲಿ ಹಾಕಿಕೊಂಡು ಹೋದೆವು. ಅವರು ಟೇಪ್ ಹಿಡಿಯಲಿಲ್ಲ, ಮೊದಲು ಹಳೆಯ ಕಾಲು ಲಿವರನ್ನು ಶಾಫ್ಟಿಗೆ ಸಿಕ್ಕಿಸಿ ಕೈಯಿಂದ ಮೇಲೆ ಕೆಳಗೆ ಆಡಿಸಿದರು. ಬಿಟ್ಟರು. ಮತ್ತೆ ಆಡಿಸಿದರು. ಆಮೇಲೆ ಹೇಳಿದ್ದು: "ಇದು ತಾನ ವಾಪಸ್ ಬರ್ತದಲ್ರೀ, ಆ ಸ್ಪ್ರಿಂಗಿಗೆ ನಾವು ಭಾರ ಹಾಕಬಾರ್ದು." ನಾನು ಏನೂ ಹೇಳುವ ಮೊದಲೇ ಕೆಲಸದ ಮೂಲ ಅವರಿಗೆ ಹೊಳೆದಿತ್ತು. ಇದು ಹೇಗೆ ಅಂತ ಯೋಚಿಸಿದರೆ ಉತ್ತರ ಗಿರಣಿಯಲ್ಲೇ ಇದೆ. ಭತ್ತ ಮತ್ತು ಅಕ್ಕಿ ಬೇರೆ ಮಾಡುವ ಸೆಪರೇಟರ್ ಇಡೀ ದಿನ ಹಿಂದೆ ಮುಂದೆ ಅಲುಗಾಡುತ್ತದೆ. ಅದರ ಆರ್ಮು, ಕೀಲು, ಬುಷ್ ಮಾಡಿಕೊಡುತ್ತಲೇ ಅವರ ತಲೆ ನರೆತಿದೆ. ಎಲ್ಲಿ ಒಂದು ಕೂದಲಿನಷ್ಟು ಸಡಿಲ ಇದ್ದರೆ ಮುಂದೆ ಎಷ್ಟು ಲೊಡಲೊಡ ಆಗುತ್ತದೆ ಅನ್ನುವುದು ಅವರಿಗೆ ಕೈಯಲ್ಲೇ ಗೊತ್ತು.

ಶಾಫ್ಟಿನ ಮೇಲೆ ಸಣ್ಣ ಸಣ್ಣ ಹಲ್ಲುಗಳಿವೆ. ಅದಕ್ಕೆ ಹೊಂದುವ ಹಲ್ಲು ಹೊಸದಾಗಿ ಕೊರೆಯುವುದು ಬೇಡ ಅಂದರು. ಸ್ಪೇರ್ ಪಾರ್ಟ್ಸ್ ಅಂಗಡಿಯಿಂದ ಅದೇ ಬೈಕಿನ ಇನ್ನೊಂದು ಗೇರ್ ಲಿವರ್ ತರಿಸಿದರು. ಆಯಸ್ಕಾಂತ ಹಿಡಿದು ಕಬ್ಬಿಣವೇ ಅಂತ ನೋಡಿದರು, ಯಾಕೆಂದರೆ ಕೆಲವು ಲಿವರ್ ಅಲ್ಯೂಮಿನಿಯಂ ಇರುತ್ತವೆ, ಅದಕ್ಕೆ ನಮ್ಮ ಪಟ್ಟಿ ಬೆಸೆಯುವುದಿಲ್ಲ. ಆಮೇಲೆ ಹಲ್ಲಿರುವ ದುಂಡನೆಯ ಭಾಗವನ್ನಷ್ಟೇ ಉಳಿಸಿಕೊಂಡು, ಉಳಿದದ್ದನ್ನು ಕತ್ತರಿಸಿ, ಬೆಂಚಿನ ಮೇಲೆ ಇಟ್ಟು ಹೊಸ ಆರ್ಮ್ ವೆಲ್ಡ್ ಮಾಡಿದರು. ಬಿಗಿ ಮಾಡುವ ಬೋಲ್ಟ್ ಶಾಫ್ಟಿನ ಮೇಲಿನ ತೋಡಿನಲ್ಲೇ ಕೂರುವುದರಿಂದ ಅದು ಸಡಿಲವಾದರೂ ಲಿವರ್ ಜಾರಿ ಬೀಳುವುದಿಲ್ಲ. ಹಳೆಯ ಪಾರ್ಟಿನ ಒಳ್ಳೆಯ ಗುಣ ಕಳೆಯದೆ ಹೊಸದು ಮಾಡುವ ಈ ಬುದ್ಧಿ ನನಗೆ ಬಹಳ ಇಷ್ಟವಾಯಿತು.

ಆರ್ಮ್ ಮೇಲ್ಮುಖವೋ ಕೆಳಮುಖವೋ ಅನ್ನುವುದಕ್ಕೆ ಅವರೂ ಹುಡುಗನೂ ಬಹಳ ಹೊತ್ತು ಮಾತಾಡಿದರು. ರೇಸ್ ಕಾರುಗಳಲ್ಲಿ ಲಿವರನ್ನು ಹಿಂದಕ್ಕೆ ಎಳೆದರೆ ಮೇಲಿನ ಗೇರ್, ಮುಂದಕ್ಕೆ ನೂಕಿದರೆ ಕೆಳಗಿನ ಗೇರ್ ಇರುವುದು ವಾಡಿಕೆ. ವೇಗ ಏರುವಾಗ ಮೈ ಹಿಂದಕ್ಕೆ ಒತ್ತುತ್ತದೆ, ಬ್ರೇಕ್ ಹಾಕಿದಾಗ ಮುಂದಕ್ಕೆ ವಾಲುತ್ತದೆ, ಕೈಯೂ ಅದೇ ಕಡೆ ಹೋಗುತ್ತದೆ. ಕೈ ಲಿವರಿನ ಕೀಲು ನಡುವೆ ಇದ್ದು, ಸಳಿ ಕೀಲಿನ ಕೆಳಗೆ ಸಿಕ್ಕಿಸಿದರೆ, ನಾವು ಮೇಲುತುದಿ ಹಿಂದಕ್ಕೆ ಎಳೆದಾಗ ಕೆಳತುದಿ ಮುಂದಕ್ಕೆ ಹೋಗುತ್ತದೆ. ಅಂದರೆ ಸಳಿ ಎಳೆಯಲ್ಪಡುತ್ತದೆ. ನಮ್ಮ ಎಂಜಿನ್ನಿನಲ್ಲಿ ಆರ್ಮ್ ಕೆಳಮುಖವಾಗಿ ಇಟ್ಟಾಗ ಆ ಎಳೆತಕ್ಕೆ ಮೇಲಿನ ಗೇರ್ ಬಿತ್ತು. ಹಾಗೇ ಇಟ್ಟರು.

ಎಳೆತ, ನೂಕು ಅಂತ ಇಷ್ಟು ತಲೆಕೆಡಿಸಿಕೊಳ್ಳುವುದು ಯಾಕೆ? ಉಸ್ತಾದ್ ಒಂದು ವೆಲ್ಡಿಂಗ್ ರಾಡ್ ತಗೊಂಡು ಹುಡುಗನ ಕೈಗೆ ಒಂದು ತುದಿ ಕೊಟ್ಟರು. ಎಳೆದರು, ಏನೂ ಆಗಲಿಲ್ಲ. ನೂಕಿದರು, ನಡುವೆ ಬಾಗಿತು. "ಎಳದ್ರ ತಡೀತದ. ನೂಕಿದ್ರ ಬಾಗ್ತದ. ಜೋರ್ ಇರೋ ಕೆಲಸ ಎಳೆಯೋದ್ರಾಗ ಇರ್ಲಿ." ಹುಡುಗ ಕಾಲೇಜಿನಲ್ಲಿ ಆಯ್ಲರ್ ಸೂತ್ರ ಓದಿದ್ದಾನೆ. ಸಳಿಯ ಉದ್ದ ಎರಡು ಪಟ್ಟಾದರೆ ಬಾಗದೆ ತಡೆಯುವ ಬಲ ಕಾಲು ಭಾಗಕ್ಕೆ ಇಳಿಯುತ್ತದೆ ಅಂತ ಅದು ಹೇಳುತ್ತದೆ. ಅವನು ತಂದಿದ್ದು 10 ಮಿ.ಮೀ. ಗಟ್ಟಿ ಸಳಿ. ಉಸ್ತಾದ್ ಅದನ್ನು ಪಕ್ಕಕ್ಕಿಟ್ಟು 16 ಮಿ.ಮೀ. ಹೊರ ಅಳತೆಯ, 2 ಮಿ.ಮೀ. ದಪ್ಪದ ಪೈಪ್ ತೆಗೆದರು. ಹುಡುಗ ಅಲ್ಲೇ ಕೂತು ಲೆಕ್ಕ ಹಾಕಿದ. ತೂಕ ಹೆಚ್ಚುಕಡಿಮೆ ಅಷ್ಟೇ, ಬಾಗುವುದನ್ನು ತಡೆಯುವ ಶಕ್ತಿ ನಾಲ್ಕು ಪಟ್ಟಿಗಿಂತ ಜಾಸ್ತಿ. ಸೂತ್ರವೂ ಕೈಯ ಅನುಭವವೂ ಒಂದೇ ಉತ್ತರ ಕೊಟ್ಟಿದ್ದು ನೋಡಿ ಅವನ ಮುಖ ಅರಳಿತು. ಅದಕ್ಕಾದರೂ ಅವನನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದು ಸಾರ್ಥಕ ಅನಿಸಿತು. ಕಾಲೇಜಿನ ಲ್ಯಾಬಿನಲ್ಲಿ ಇದು ಸಿಗುವುದಿಲ್ಲ.

ಪೈಪಿನ ಎರಡೂ ತುದಿಗೆ ಲೇತಿನಲ್ಲಿ ಕಡೆದ ಬೆಣೆ ಬಡಿದು, ಒಂದಕ್ಕೆ ಎಂ8 (8 ಮಿ.ಮೀ. ಬೋಲ್ಟಿನ) ಬಲ ಥ್ರೆಡ್, ಇನ್ನೊಂದಕ್ಕೆ ಎಂ8 ಎಡ ಥ್ರೆಡ್ ಹಾಕಿದರು. ಎಡ ಥ್ರೆಡ್ ಕೊರೆಯುವ ಟ್ಯಾಪ್ ಅವರಲ್ಲೇ ಇತ್ತು, ಎಷ್ಟೋ ಅಂಗಡಿಗಳಲ್ಲಿ ಇರುವುದಿಲ್ಲ. ಹೀಗೆ ಮಾಡಿದರೆ ಕೀಲು ಬಿಚ್ಚದೆ ಪೈಪನ್ನು ತಿರುಗಿಸಿಯೇ ಉದ್ದ ಕೂಡಿಸಬಹುದು, ಕಡಿಮೆ ಮಾಡಬಹುದು. ಆಮೇಲೆ ಎರಡೂ ಕಡೆ ಲಾಕ್ ನಟ್. ಎರಡೂ ಬೆಣೆಗೆ ಒಂದೊಂದು ಸಣ್ಣ ತೂತು ಕೊರೆದಿದ್ದಾರೆ. ಅದರಲ್ಲಿ ಇಣುಕಿದರೆ ಥ್ರೆಡ್ ಕಾಣಬೇಕು, ಕಂಡರೆ ಸಾಕಷ್ಟು ಒಳಗೆ ಹೋಗಿದೆ ಅಂತ ಅರ್ಥ. ಇದನ್ನು ನಾವು ಕೇಳಿರಲಿಲ್ಲ.

ಸಳಿಯ ತುದಿಗೆ ಕೀಲಾಗಿ ಕೂರುವ, ಒಳಗೆ ಗುಂಡು ಇರುವ ರಾಡ್ ಎಂಡ್ ಬೇರಿಂಗ್ ನಾವೇ ಹುಬ್ಬಳ್ಳಿಯಿಂದ ತರಿಸಿ ಕೊಟ್ಟೆವು. ಇದರಲ್ಲಿ ದುಡ್ಡು ಉಳಿಸಬೇಡಿ. ಒಳಗಿನ ಗುಂಡು ಸಡಿಲ ಇದ್ದರೆ ಇಡೀ ಕೆಲಸ ನೀರುಪಾಲು. ಲೆಕ್ಕ ಇಷ್ಟೇ: ನಮ್ಮ ಕೈ ಲಿವರ್ ಕೀಲಿನ ಮೇಲೆ 240, ಕೆಳಗೆ 60 ಮಿ.ಮೀ. ಅಂದರೆ ಸಳಿಯಲ್ಲಿ 1 ಮಿ.ಮೀ. ಸಡಿಲ ಇದ್ದರೆ ಕೈಗೆ ಅದು 4 ಮಿ.ಮೀ. ಆಗುತ್ತದೆ. ಎರಡು ಮೂರು ಕೀಲು ಹೀಗೆ ಸಡಿಲಾದರೆ ಗೇರ್ ಬಿತ್ತೋ ಇಲ್ಲವೋ ಅಂತಲೇ ಗೊತ್ತಾಗುವುದಿಲ್ಲ. ಕೈ ಲಿವರಿನ ಕಡೆ ಕವೆ ಮಾಡಿ ಬೋಲ್ಟಿಗೆ ಎರಡೂ ಬದಿ ಆಸರೆ ಕೊಟ್ಟರು. ಎಂಜಿನ್ ಕಡೆ ಜಾಗ ಇರಲಿಲ್ಲ, ಪಕ್ಕದಲ್ಲೇ ಚೈನ್. ಅಲ್ಲಿ ಒಂದೇ ಬದಿ ಬೋಲ್ಟ್, ಆದರೆ ಹೊರಗೆ ಅಗಲದ ವಾಷರ್. ಗುಂಡು ಕಿತ್ತು ಬಂದರೂ ಸಳಿ ಕಳಚಿ ಚೈನಿನ ಮೇಲೆ ಬೀಳಬಾರದು ಅಂತ.

ಆರ್ಮಿಗೆ ಒಂದಲ್ಲ, ಮೂರು ತೂತು: ಶಾಫ್ಟಿನ ನಡುವಿನಿಂದ 45, 55, 65 ಮಿ.ಮೀ. ದೂರಕ್ಕೆ. ಹತ್ತಿರದ ತೂತಿಗೆ ಹಾಕಿದರೆ ಕೈ ಕಡಿಮೆ ಓಡುತ್ತದೆ, ಆದರೆ ಬಲ ಜಾಸ್ತಿ ಬೇಕು. ದೂರದ್ದಕ್ಕೆ ಹಾಕಿದರೆ ಹಗುರ, ಆದರೆ ಕೈ ಉದ್ದಕ್ಕೆ ಓಡಬೇಕು. ಕೂತು ಓಡಿಸಿ ನೋಡಿ ಆರಿಸಿಕೊಳ್ಳಿ ಅಂದರು. ನಮಗೆ ನಡುವಿನದು ಸರಿಹೋಯಿತು. ನ್ಯೂಟ್ರಲ್ ಇರುವುದು ಒಂದು ಮತ್ತು ಎರಡನೇ ಗೇರಿನ ನಡುವೆ, ಅರ್ಧ ಎಳೆತಕ್ಕೆ. 45ರ ತೂತಿನಲ್ಲಿ ಅದು ಕೈಗೆ ಸಿಗುತ್ತಲೇ ಇರಲಿಲ್ಲ.

ಕೈ ಲಿವರಿನ ಕೀಲಿಗೆ ಹುಡುಗ ಗನ್ ಮೆಟಲ್ (ಒಂದು ಬಗೆಯ ಕಂಚು) ಬುಷ್ ಅಂದುಕೊಂಡಿದ್ದ. ಉಸ್ತಾದ್ ಎರಡು 6001 ಬಾಲ್ ಬೇರಿಂಗ್ ಹಾಕಿದರು, ಎರಡೂ ಬದಿ ರಬ್ಬರ್ ಸೀಲ್ ಇರುವ 2ಆರ್‌ಎಸ್. ಒಂದೇ ಬೇರಿಂಗ್ ಆದರೆ ಲಿವರ್ ಪಕ್ಕಕ್ಕೆ ಆಡುತ್ತದೆ, ಅದಕ್ಕೆ ಎರಡು, ನಡುವೆ ಒಂದು ಸ್ಪೇಸರ್. ರಬ್ಬರ್ ಸೀಲ್ ಯಾಕೆ ಅಂತ ನಮ್ಮೂರಿನವರಿಗೆ ಹೇಳಬೇಕಿಲ್ಲ. ತವುಡಿನ ಧೂಳು ಎಣ್ಣೆ ಜೊತೆ ಸೇರಿದರೆ ಅಂಟಾಗಿ ಕೂತುಬಿಡುತ್ತದೆ. ಗಿರಣಿ ಕಣದಲ್ಲಿ ಓಡುವ ಕಾರಿಗೆ ಗಿರಣಿಯ ಬೇರಿಂಗೇ ಸರಿ.

ಲಿವರಿನ ಹಿಂದೆ ಮುಂದೆ ಒಂದೊಂದು ಸ್ಟಾಪ್ ಬೋಲ್ಟ್ ಕೂಡ ಇದೆ. ಗೇರ್ ಪೂರ್ತಿ ಬಿದ್ದ ಮೇಲೆ ಸ್ವಲ್ಪದರಲ್ಲೇ ಲಿವರ್ ಆ ಬೋಲ್ಟಿಗೆ ತಾಗುತ್ತದೆ. ಹುಡುಗರು ಉಮೇದಿನಲ್ಲಿ ಜಗ್ಗಿದರೂ ಬಲ ಎಂಜಿನ್ ಒಳಗೆ ಗೇರ್ ಸರಿಸುವ ಫೋರ್ಕಿಗೆ ಹೋಗುವುದಿಲ್ಲ, ಚಾಸಿಗೆ ಹೋಗುತ್ತದೆ. ಉದ್ದನೆ ಲಿವರಿನಿಂದ ಕೈಯ ಬಲ ನಾಲ್ಕು ಪಟ್ಟಾಗುವ ಕಡೆ ಇದು ಇರಲೇಬೇಕು. ಬೇರೆ ಏನು ಬಿಟ್ಟರೂ ಇದನ್ನು ಬಿಡಬೇಡಿ.

ಜೋಡಿಸಿದ ಮೇಲೆ ದುಡ್ಡು ಕೊಡಲು ಹೋದರೆ ತಗೊಳ್ಳಲಿಲ್ಲ. ಮೊದಲು ಗೇರ್ ಬೀಳಲಿ ಅಂದರು. ಹಿಂದಿನ ಚಕ್ರ ಎತ್ತಿ ಸ್ಟ್ಯಾಂಡ್ ಕೊಟ್ಟು, ಒಬ್ಬರು ಚಕ್ರ ತಿರುಗಿಸುತ್ತಿರಬೇಕು, ಇನ್ನೊಬ್ಬರು ಗೇರ್ ಹಾಕಬೇಕು. ಬೈಕಿನ ಗೇರ್‌ಬಾಕ್ಸ್ ನಿಂತಲ್ಲೇ ಎಲ್ಲ ಗೇರಿಗೂ ಹೋಗುವುದಿಲ್ಲ. ಒಳಗಿನ ಹಲ್ಲಿಗೆ ಎದುರಿನ ಗುಳಿ ಸಿಗಬೇಕಾದರೆ ಶಾಫ್ಟ್ ಸ್ವಲ್ಪ ತಿರುಗಬೇಕು. ಇದು ಗೊತ್ತಿಲ್ಲದೆ ಎಷ್ಟೋ ಜನ ಲಿಂಕೇಜನ್ನೇ ಬೈಯುತ್ತಾರೆ. ಒಂದರಿಂದ ಆರು, ಆರರಿಂದ ಒಂದು, ಪ್ರತಿ ಸಲವೂ ಲಿವರ್ ಟಕ್ ಅಂತ ನಡುವಿಗೆ ಬಂತು. ಉಸ್ತಾದ್ ತಾವೇ ಸೀಟಿನಲ್ಲಿ ಕೂತು, ಕಣ್ಣು ಮುಚ್ಚಿ, ಮತ್ತೆ ಆಡಿಸಿ ನೋಡಿದರು. ನಾಲ್ಕರಿಂದ ಮೂರಕ್ಕೆ ಬರುವಾಗ ಸ್ವಲ್ಪ ಬಿಗಿ ಅನಿಸಿತಂತೆ. ನಮಗೆ ಗೊತ್ತೇ ಆಗಿರಲಿಲ್ಲ. ಪೈಪನ್ನು ಅರ್ಧ ಸುತ್ತು ತಿರುಗಿಸಿ, ನಡುವಿನಲ್ಲಿದ್ದಾಗ ಆರ್ಮಿಗೂ ಸಳಿಗೂ ಸರಿಯಾಗಿ ಮೂಲೆಮಟ್ಟ ಬರುವ ಹಾಗೆ ಮಾಡಿದರು. ಎರಡೂ ಕಡೆಯ ಓಟ ಸಮ ಆಯಿತು.

ಕೂಲಿ 2,800 ರೂಪಾಯಿ. ಪೈಪು, ಪಟ್ಟಿ ಅವರದೇ. ರಾಡ್ ಎಂಡ್, ಬೇರಿಂಗ್, ಗೇರ್ ಲಿವರ್ ಸೇರಿ ನಮಗೆ ಇನ್ನೊಂದು 1,500ರ ಹತ್ತಿರ ಬಿತ್ತು. ಅವರು ಹಾಕಿದ ತಲೆಗೆ ಇದು ಬಹಳ ಕಡಿಮೆ. ಅದನ್ನು ಅವರಿಗೂ ಹೇಳಿದೆ.

ಕೊರತೆಗಳೂ ಇವೆ. ವೆಲ್ಡಿಂಗ್ ಗಟ್ಟಿ, ಆದರೆ ನೋಡಲು ಚಂದ ಅಲ್ಲ. ನಾಜೂಕು ಕೆಲಸದ ಟಿಗ್ ವೆಲ್ಡಿಂಗ್ ಇಲ್ಲ, ಹಾಗಾಗಿ ತೆಳು ಪೈಪು, ಅಲ್ಯೂಮಿನಿಯಂ ಕೆಲಸ ಅಲ್ಲಿ ಆಗುವುದಿಲ್ಲ. ಪೇಂಟ್ ಮಾಡಿಕೊಡುವುದಿಲ್ಲ, ಮನೆಗೆ ತಂದ ಮೇಲೆ ನೀವೇ ರೆಡ್ ಆಕ್ಸೈಡ್ ಹೊಡೆಯಬೇಕು, ಇಲ್ಲದಿದ್ದರೆ ತುಕ್ಕು. ಬಿಲ್ ಕೇಳಿದರೆ ಚೀಟಿಯಲ್ಲಿ ಬರೆದು ಕೊಡುತ್ತಾರೆ. ಕಾಲೇಜಿಗೆ ಲೆಕ್ಕ ಒಪ್ಪಿಸಬೇಕಾದ ಹುಡುಗರಿಗೆ ಇದು ತೊಡಕು. ಇನ್ನು ಸಮಯ. ಗಿರಣಿ ಕೆಲಸ ಬಂತು ಅಂದರೆ ನಿಮ್ಮದು ಮೂಲೆಗೆ ಹೋಗುತ್ತದೆ. ನಮ್ಮ ಆರ್ಮ್ ಅರ್ಧ ಕಡೆದಿದ್ದಾಗ ಒಂದು ಗಿರಣಿಯ ಎಲಿವೇಟರ್ ಶಾಫ್ಟ್ ಬಂತು, ನಮ್ಮದು ಹಾಗೇ ಬಿದ್ದಿತ್ತು. ಹುಡುಗನಿಗೆ ಬೇಜಾರಾಯಿತು. ನನಗೆ ಆಗಲಿಲ್ಲ, ಗಿರಣಿ ನಿಂತರೆ ಎಷ್ಟು ಜನರ ಕೂಲಿ ನಿಲ್ಲುತ್ತದೆ ಅನ್ನುವುದು ನನಗೆ ಗೊತ್ತು.

ಹೋಗುವವರು ನವೆಂಬರ್, ಡಿಸೆಂಬರ್ ಮತ್ತು ಏಪ್ರಿಲ್, ಮೇ ತಿಂಗಳು ಬಿಟ್ಟು ಹೋಗಿ. ಆಗ ತುಂಗಭದ್ರಾ ಎಡದಂಡೆಯ ಭತ್ತ ಕೊಯ್ಲಾಗಿ ಗಿರಣಿಗಳಿಗೆ ಬರುತ್ತದೆ, ಅವರಿಗೆ ಉಸಿರಾಡಲು ಬಿಡುವಿರುವುದಿಲ್ಲ. ಶುಕ್ರವಾರ ಮಧ್ಯಾಹ್ನ ನಮಾಜಿಗೆ ಬಾಗಿಲು ಹಾಕಿರುತ್ತದೆ. ಫೋನಿನಲ್ಲಿ ಅಳತೆ ಹೇಳಿ ಮಾಡಿಸುವ ಯೋಚನೆ ಬೇಡ. ಎಂಜಿನ್ನೋ ಚಾಸಿಯೋ, ಆ ಪಾರ್ಟ್ ಎಲ್ಲಿ ಕೂರಬೇಕೋ ಅದನ್ನೇ ತಗೊಂಡು ಹೋಗಿ, ಪಕ್ಕದಲ್ಲಿ ನಿಂತು ಮಾತಾಡಿ. ಕ್ಲಚ್ ಪೆಡಲ್ಲಿನ ಕೆಲಸವನ್ನೂ ನಾವು ಅವರಿಗೇ ಕೊಟ್ಟಿದ್ದೇವೆ. ಸೀಜನ್ ಮುಗಿಯಲಿ, ಕೇಬಲ್ ತಂದು ತೋರಿಸಿ ಅಂದಿದ್ದಾರೆ.